ಮುಗಿಯುವ ದಿನಾಂಕವಿಲ್ಲದ ಮಾತ್ರೆ

ಅಮ್ಮನ ಮಾತ್ರೆಗಳೆಲ್ಲ ಇರುತ್ತಿದ್ದದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ. 2019ರ ನವೆಂಬರಿನಲ್ಲಿ, ಅವರ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನ, ತಿಪಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಆ ಡಬ್ಬವನ್ನು ಚಾಪೆಯ ಮೇಲೆ ಸುರಿದೆ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ, ನಾನು ಕೆಲಸಕ್ಕೆ ಮರಳಿದ ಮೇಲೆ ಪಕ್ಕದ ಮನೆಯವರು ನೋಡಿ ಕೊಡಬಹುದು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ರಕ್ತದೊತ್ತಡದ್ದು ಒಂದು, ಥೈರಾಯ್ಡಿನದು ಒಂದು, ಕ್ಯಾಲ್ಸಿಯಂ ಒಂದು. ಇವುಗಳ ಜೊತೆಗೆ, ಉಳಿದೆಲ್ಲವನ್ನೂ ಮೀರಿಸುವ ಸಂಖ್ಯೆಯಲ್ಲಿ, ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂನ ಪಟ್ಟಿಗಳು. ಕೆಲವು ಖಾಲಿ, ಕೆಲವು ಅರ್ಧ, ಕೆಲವು ಇನ್ನೂ ಒಡೆಯದವು. "ಇದು ಯಾತಕ್ಕಮ್ಮ?" ಎಂದು ಕೇಳಿದೆ. "ಅದು ಗ್ಯಾಸ್ಟ್ರಿಕ್ಕಿಂದು. ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ" ಎಂದರು. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಚಿಕುನ್‌ಗುನ್ಯಾ ಬಂದ ವರ್ಷದಿಂದ" ಎಂದರು.

ಚಿಕುನ್‌ಗುನ್ಯಾ ಬಂದ ವರ್ಷ ಎಂದರೆ ನಮ್ಮ ಕಡೆಯವರಿಗೆ ಇಸವಿ ಹೇಳಬೇಕಾಗಿಲ್ಲ. 2006ರಲ್ಲಿ ಊರಿಗೆ ಊರೇ ಮಂಚ ಹಿಡಿದಿತ್ತು. ಮಂಚ ಬಿಟ್ಟು ಎದ್ದವರೂ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು. ಜ್ವರ ವಾರದಲ್ಲಿ ಇಳಿದರೂ ಅಮ್ಮನ ಕೀಲು ನೋವು ತಿಂಗಳುಗಟ್ಟಲೆ ಉಳಿಯಿತು. ಅದಕ್ಕೆ ನೋವಿನ ಮಾತ್ರೆ ಕೊಟ್ಟರು. ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನು ಕೆಡಿಸಬಾರದೆಂದು ಅದರ ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಬರೆದರು. ಬರೆದದ್ದು ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಬೇಕಾದ ರಕ್ಷಣೆ ಅದು. ಮುಂದಿನ ಯುಗಾದಿಯ ಹೊತ್ತಿಗೆ ನೋವಿನ ಮಾತ್ರೆ ನಿಂತಿತು. ಅದನ್ನು ಕಾಯಲು ಬಂದಿದ್ದ ಮಾತ್ರೆ ಮಾತ್ರ ನಿಲ್ಲಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಹಾಗೆ ಅದು 13 ವರ್ಷ ತೊಟ್ಟಿಕ್ಕುತ್ತಲೇ ಇತ್ತು. ಇದರಲ್ಲಿ ಯಾರೊಬ್ಬರೂ ದೊಡ್ಡ ತಪ್ಪು ಮಾಡಿರಲಿಲ್ಲ. ವೈದ್ಯರು ಚೀಟಿಯ ಕೊನೆಯಲ್ಲಿ ಹಿಂದಿನದನ್ನೇ ಮುಂದುವರಿಸಿ ಎಂದು ಬರೆಯುತ್ತಿದ್ದರು, ಔಷಧಿ ಅಂಗಡಿಯವರು ಕೇಳಿದ್ದನ್ನು ಕೊಡುತ್ತಿದ್ದರು, ನಾನು ಊರಿಗೆ ಹೋದಾಗ ಎರಡು ತಿಂಗಳಿಗೆ ಆಗುವಷ್ಟು ತಂದಿಟ್ಟು ಬರುತ್ತಿದ್ದೆ.

ಅಮ್ಮ ಬಿದ್ದದ್ದು ಬಹಳ ಸಣ್ಣ ಬೀಳು. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿ, ಕೈಯೂರಿದರು. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿದಿತ್ತು. ನಿಂತಲ್ಲಿಂದ ಬಿದ್ದಷ್ಟಕ್ಕೆ ಮುರಿಯುವ ಮೂಳೆಯನ್ನು ಅನುಮಾನದಿಂದಲೇ ನೋಡಬೇಕೆಂದು ಮೂಳೆ ವೈದ್ಯರು ಹೇಳಿ, ಬೆಂಗಳೂರಿನಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ಕಳುಹಿಸಿದರು. ಬೆನ್ನುಮೂಳೆಯ ಟಿ-ಸ್ಕೋರ್, ಎಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7 ಬಂದಿತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಮೂಳೆ ಟೊಳ್ಳಾಗುವುದು. ವೈದ್ಯರು ಕೇಳಿದ ಪ್ರಶ್ನೆಗಳಲ್ಲಿ ಒಂದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ?" ಹೊಟ್ಟೆಯ ಮಾತ್ರೆಗೂ ಕೈ ಮುರಿದದ್ದಕ್ಕೂ ಏನು ಸಂಬಂಧವೆಂದು ಆಗ ನನಗೆ ಹೊಳೆಯಲಿಲ್ಲ.

ಅಮೃತಶಿಲೆಯ ಚೂರು

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷವೂ ಪ್ರಯೋಗಾಲಯದಲ್ಲಿ ಅಮೃತಶಿಲೆಯ ಚೂರುಗಳ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿದು ತೋರಿಸುತ್ತೇನೆ. ಬುಸ್ಸೆಂದು ನೊರೆ ಏಳುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕಲ್ಲು ಕರಗಿ ಕ್ಯಾಲ್ಸಿಯಂ ನೀರಿನಲ್ಲಿ ಬೆರೆಯುತ್ತದೆ. ಆಮ್ಲದ ಬದಲು ಬರಿಯ ನೀರು ಹಾಕಿದರೆ ಏನೂ ಆಗುವುದಿಲ್ಲವೆಂಬುದನ್ನೂ ಪಕ್ಕದ ಪ್ರನಾಳದಲ್ಲಿ ತೋರಿಸುತ್ತೇನೆ, ಏಕೆಂದರೆ ಹೋಲಿಕೆಯಿಲ್ಲದೆ ಮಕ್ಕಳಿಗೆ ವಿಷಯ ನಾಟುವುದಿಲ್ಲ. ಆ ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಮ್ಮನ ಡಬ್ಬದಲ್ಲಿದ್ದ ಕ್ಯಾಲ್ಸಿಯಂ ಮಾತ್ರೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ: 1250 ಮಿಲಿಗ್ರಾಂ, ಅದರಲ್ಲಿ ದೇಹಕ್ಕೆ ಬೇಕಾದ ಕ್ಯಾಲ್ಸಿಯಂ ಧಾತು 500 ಮಿಲಿಗ್ರಾಂ. ನಮ್ಮ ಜಠರದಲ್ಲಿರುವುದು ಅದೇ ಹೈಡ್ರೋಕ್ಲೋರಿಕ್ ಆಮ್ಲ. ಮರೆತುಹೋಗಬಾರದೆಂದು ಅಮ್ಮ ಎರಡು ಮಾತ್ರೆಗಳನ್ನೂ ಬೆಳಗ್ಗೆ ಒಂದೇ ಲೋಟ ನೀರಿನಲ್ಲಿ ಖಾಲಿ ಹೊಟ್ಟೆಗೆ ನುಂಗುತ್ತಿದ್ದರು. ಒಂದು ಆಮ್ಲವನ್ನು ನಿಲ್ಲಿಸುವ ಮಾತ್ರೆ, ಇನ್ನೊಂದು ಕರಗಲು ಆಮ್ಲವನ್ನೇ ನಂಬಿದ ಮಾತ್ರೆ.

ಚಾಪೆಯ ಮೇಲೆ ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಿದ್ದ ಕ್ಷಣ ನನಗೆ ಸ್ಪಷ್ಟವಾಗಿ ನೆನಪಿದೆ. ಇಪ್ಪತ್ತು ವರ್ಷ ನಾನು ಮಕ್ಕಳಿಗೆ ತೋರಿಸುತ್ತ ಬಂದಿದ್ದ ಎರಡನೆಯ ಪ್ರನಾಳ, ಏನೂ ನಡೆಯದ ಆ ಪ್ರನಾಳ, ನಮ್ಮ ಮನೆಯಲ್ಲೇ ಇತ್ತು. ಅದನ್ನು ಮೊದಲೇ ಕಾಣಲಿಲ್ಲವೆಂಬ ಸಂಕಟ ಇಂದಿಗೂ ಪೂರ್ತಿ ಹೋಗಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಇದು ಹೊಸ ಸಂಗತಿಯೇನೂ ಅಲ್ಲ. ಜಠರದಲ್ಲಿ ಆಮ್ಲವೇ ಸ್ರವಿಸದವರು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬಹುಮಟ್ಟಿಗೆ ಹೀರಿಕೊಳ್ಳುವುದೇ ಇಲ್ಲವೆಂದು ಅಮೆರಿಕದ ಒಮಾಹಾದಲ್ಲಿ ರಾಬರ್ಟ್ ರೆಕರ್ 1985ರಲ್ಲೇ ತೋರಿಸಿದ್ದರು. 2005ರಲ್ಲಿ ಪ್ರಕಟವಾದ ಇನ್ನೊಂದು ಸಣ್ಣ ಅಧ್ಯಯನದಲ್ಲಿ 65 ದಾಟಿದ 18 ಮಹಿಳೆಯರಿಗೆ ಪ್ಯಾಂಟೊಪ್ರಜೋಲಿನ ಗುಂಪಿನದೇ ಆದ ಒಮೆಪ್ರಜೋಲನ್ನು ಒಂದು ವಾರ ಕೊಟ್ಟು ನೋಡಿದರು. ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹೀರಿಕೆ ಶೇ 9.1ರಿಂದ ಶೇ 3.5ಕ್ಕೆ ಇಳಿದಿತ್ತು. ಆದರೆ ರೆಕರ್ ಅವರ ಅಧ್ಯಯನದಲ್ಲೇ ಸಮಾಧಾನದ ಇನ್ನೊಂದು ಮುಖವೂ ಇತ್ತು: ಅದೇ ಮಾತ್ರೆಯನ್ನು ಊಟದ ಜೊತೆ ಕೊಟ್ಟಾಗ ಆಮ್ಲವಿಲ್ಲದವರೂ ಉಳಿದವರಷ್ಟೇ ಕ್ಯಾಲ್ಸಿಯಂ ಹೀರಿಕೊಂಡರು. ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ಆಮ್ಲದ ಹಂಗು ಅಷ್ಟಾಗಿ ಇಲ್ಲ. ಎಂದರೆ, ಅಮ್ಮನ ಮಾತ್ರೆಯನ್ನು ಬೆಳಗಿನ ಲೋಟದಿಂದ ಮಧ್ಯಾಹ್ನದ ಮುದ್ದೆಯ ತಟ್ಟೆಯ ಪಕ್ಕಕ್ಕೆ ಸರಿಸಿದ್ದರೆ ಸಾಕಾಗುತ್ತಿತ್ತು. ಒಂದು ಪೈಸೆಯ ಖರ್ಚೂ ಇಲ್ಲದ ಈ ಬದಲಾವಣೆಯನ್ನು ಯಾರಾದರೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಮುದ್ದೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕೇ ನಮ್ಮ ಕಡೆಯವರಿಗೆ "ರಾಗಿ ತಿಂದ ಮೂಳೆ" ಎಂಬ ಹೆಮ್ಮೆ. ಅಮ್ಮನಿಗೂ ಅದೇ ಹೆಮ್ಮೆಯಿತ್ತು, ಮೂಳೆ ಟೊಳ್ಳಾಗಿದೆ ಎಂದಾಗ ಅವರು ನಂಬಲೇ ಇಲ್ಲ. ಆದರೆ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂದಿತ್ತು, ಇರಬೇಕಾದದ್ದು ಕನಿಷ್ಠ 20. ತೋಟದ ಬಿಸಿಲಿನಲ್ಲಿ ಬೆಳೆದು, ಮಂಡಿ ನೋವು ಬಂದ ಮೇಲೆ ಮನೆಯೊಳಗೇ ಉಳಿದ ಹೆಂಗಸರ ಕಥೆಯೇ ಅದು. ಡಿ ಸಾಲದಿದ್ದರೆ ರಾಗಿಯ ಕ್ಯಾಲ್ಸಿಯಂ ಬಹುಪಾಲು ಕರುಳಿನಲ್ಲಿಯೇ ಉಳಿದು ಹೊರಗೆ ಹೋಗುತ್ತದೆ.

ಅಂಕಿಗಳು ಹೇಳುವುದೂ ಹೇಳದಿರುವುದೂ

ಅಮ್ಮನ ಮೂಳೆಯನ್ನು ಆ ಮಾತ್ರೆಯೇ ಸವೆಸಿತು ಎಂದು ಹೇಳುವ ಆಸೆ ನನಗೆ ಆಗ ಬಲವಾಗಿತ್ತು. ಹೊಣೆ ಹೊರಿಸಲು ಒಂದು ವಸ್ತು ಸಿಕ್ಕರೆ ಮನಸ್ಸಿಗೆ ಎಷ್ಟೋ ಹಗುರ. ಆ ಆಸೆಯಿಂದಲೇ ಓದತೊಡಗಿದೆ, ಓದುತ್ತ ಹೋದ ಹಾಗೆ ಆ ಮಾತನ್ನು ನುಂಗಿಕೊಳ್ಳಬೇಕಾಯಿತು.

ಒಮೆಪ್ರಜೋಲ್ 1988ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದಿತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಎಲ್ಲವೂ ಅದರ ಹಿಂದೆ ಬಂದ ತಮ್ಮಂದಿರು. ಜಠರದ ಗೋಡೆಯ ಜೀವಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಪ್ರೋಟಾನ್ ಪಂಪುಗಳಿವೆ. ಈ ಮಾತ್ರೆಗಳು ಆ ಪಂಪಿಗೆ ಅಂಟಿಕೊಂಡು ಅದನ್ನು ಶಾಶ್ವತವಾಗಿ ಕೆಡಿಸುತ್ತವೆ, ದೇಹ ಹೊಸ ಪಂಪನ್ನು ಕಟ್ಟುವವರೆಗೆ ಆಮ್ಲ ಬರುವುದಿಲ್ಲ. ಅದಕ್ಕಾಗಿಯೇ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಕರಗಿಹೋಗುವ ಔಷಧದ ಪರಿಣಾಮ ಇಡೀ ದಿನ ಉಳಿಯುತ್ತದೆ. ರಕ್ತ ಕಾರುವ ಹುಣ್ಣಿನಿಂದ ಸಾಯುತ್ತಿದ್ದವರನ್ನು ಈ ಔಷಧ ಉಳಿಸಿದೆ, ಹೊಟ್ಟೆ ಕೊಯ್ಯುವ ಎಷ್ಟೋ ಶಸ್ತ್ರಚಿಕಿತ್ಸೆಗಳನ್ನು ಅನಗತ್ಯಗೊಳಿಸಿದೆ. ಅದನ್ನು ಮರೆತು ಮಾತಾಡುವುದು ಅನ್ಯಾಯ.

ಮೂಳೆಯ ಮಾತು ದೊಡ್ಡದಾಗಿ ಎದ್ದದ್ದು 2006ರ ಡಿಸೆಂಬರಿನಲ್ಲಿ, ಅಮ್ಮ ಆ ಮಾತ್ರೆಯನ್ನು ಆರಂಭಿಸಿದ ವರ್ಷದ ಕೊನೆಯಲ್ಲೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ತೆಗೆದು, 50 ದಾಟಿದವರಲ್ಲಿ ಸೊಂಟದ ಬಳಿ ತೊಡೆಮೂಳೆ ಮುರಿದ 13,556 ಮಂದಿಯನ್ನು ಮುರಿಯದವರ ಜೊತೆ ಹೋಲಿಸಿದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಈ ಮಾತ್ರೆ ತೆಗೆದುಕೊಂಡವರಲ್ಲಿ ಮುರಿತದ ಸಂಭವ ಶೇ 44ರಷ್ಟು ಹೆಚ್ಚು ಕಂಡಿತು. ವರ್ಷಗಳು ಹೆಚ್ಚಿದಷ್ಟೂ, ಡೋಸ್ ಹೆಚ್ಚಿದಷ್ಟೂ ಸಂಭವ ಏರುತ್ತಿತ್ತು. ಇಂಥ ಇನ್ನೂ ಕೆಲವು ಅಧ್ಯಯನಗಳಾದ ಮೇಲೆ, 2010ರ ಮೇ ತಿಂಗಳಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸೊಂಟ, ಮಣಿಕಟ್ಟು ಮತ್ತು ಬೆನ್ನುಮೂಳೆಯ ಮುರಿತದ ಸಂಭವವನ್ನು ಔಷಧದ ಜೊತೆಗಿನ ಮಾಹಿತಿ ಪತ್ರದಲ್ಲಿ ನಮೂದಿಸಬೇಕೆಂದು ಹೇಳಿತು. ಮಣಿಕಟ್ಟು ಎಂಬ ಪದವನ್ನು ಓದಿದಾಗ ನನ್ನ ಕಣ್ಣು ಅಲ್ಲೇ ನಿಂತಿತು.

ಆದರೆ ಹೀಗೆ ಹಳೆಯ ದಾಖಲೆಗಳಿಂದ ಹೆಕ್ಕಿದ ಸಂಬಂಧಕ್ಕೆ ಒಂದು ಹುಳುಕು ಯಾವಾಗಲೂ ಇರುತ್ತದೆ. ಈ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರು ಯಾರು? ವಯಸ್ಸಾದವರು, ಹಲವು ಕಾಯಿಲೆಗಳಿರುವವರು, ನೋವಿನ ಮಾತ್ರೆ ನುಂಗುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು. ಇವರ ಮೂಳೆ ಮಾತ್ರೆಯಿಲ್ಲದೆಯೂ ಮುರಿಯುವ ಸಾಧ್ಯತೆ ಹೆಚ್ಚು. ಅಮೆರಿಕದ ಸುಮಾರು 80,000 ದಾದಿಯರನ್ನು ಅನುಸರಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಡೆಮೂಳೆ ಮುರಿತದ ಸಂಭವ ಶೇ 35ರಷ್ಟು ಹೆಚ್ಚಿತ್ತು ನಿಜ, ಆದರೆ ಆ ಹೆಚ್ಚಳ ಕಂಡದ್ದು ಧೂಮಪಾನ ಮಾಡಿದವರಲ್ಲಿ. ಎಂದೂ ಸೇದದವರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಮೂಳೆಯ ಸಾಂದ್ರತೆಯನ್ನೇ ಅಳೆದು ನೋಡಿದವರಿಗೆ ಮಾತ್ರೆ ತಿನ್ನುವವರ ಮೂಳೆ ಬೇಗ ಸವೆಯುತ್ತಿರುವುದು ಕಾಣಲಿಲ್ಲ. ಎಲ್ಲಕ್ಕಿಂತ ತೂಕದ ಸಾಕ್ಷ್ಯ ಬಂದದ್ದು 2019ರಲ್ಲಿ, ಅಮ್ಮ ಬಿದ್ದ ವರ್ಷವೇ. 17,598 ಹೃದಯ ಮತ್ತು ರಕ್ತನಾಳ ರೋಗಿಗಳಿಗೆ ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಂದಿಗೆ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಕರುಳಿನ ಸೋಂಕು ಸ್ವಲ್ಪ ಹೆಚ್ಚಾಯಿತು. ಮೂಳೆ ಮುರಿತದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೂರು ವರ್ಷ 13 ವರ್ಷವಲ್ಲ ಎಂದು ವಾದಿಸಬಹುದು, ನಾನೂ ಮನಸ್ಸಿನಲ್ಲಿ ವಾದಿಸಿದೆ. ಮೆಗ್ನೀಸಿಯಂ ಇಳಿಯುವುದು, ಬಿ12 ಕಡಿಮೆಯಾಗುವುದು ದೀರ್ಘಕಾಲದ ಬಳಕೆಯಲ್ಲಿ ಕಂಡಿರುವ ಸಂಗತಿಗಳೇ. ಬಿ12 ಬಹಳ ಇಳಿದರೆ ಪಾದಗಳಲ್ಲಿ ಜೋಮು ಹಿಡಿದು ಹೆಜ್ಜೆ ತಪ್ಪುತ್ತದೆ, ಮಾಂಸಾಹಾರವಿಲ್ಲದ ನಮ್ಮಂಥ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಮೂಳೆ ಮುರಿಯಲು ಅದು ಟೊಳ್ಳಾಗಿರಬೇಕು ಮಾತ್ರವಲ್ಲ, ಮನುಷ್ಯ ಬೀಳಲೂ ಬೇಕು. ಇವೆಲ್ಲವನ್ನೂ ಸೇರಿಸಿ ತೂಗಿದಾಗ ನಾನು ಬಂದು ನಿಂತ ಜಾಗ ಇದು: ಅಮ್ಮನ ಮೂಳೆಯನ್ನು ಮುಖ್ಯವಾಗಿ ಸವೆಸಿದ್ದು ಮುಟ್ಟು ನಿಂತ ನಂತರದ ವರ್ಷಗಳು ಮತ್ತು ಬಿಸಿಲಿಲ್ಲದ ಮನೆ. ಮಾತ್ರೆಯ ಪಾಲು ಇದ್ದಿದ್ದರೆ ಸಣ್ಣದು. ಆದರೆ ಆ ಸಣ್ಣ ಪಾಲನ್ನಾದರೂ ಅಮ್ಮ ಯಾವ ಲಾಭಕ್ಕಾಗಿ ಹೊರುತ್ತಿದ್ದರು? ಅಗತ್ಯವಿರುವವರಿಗೆ ಸಣ್ಣ ಅಪಾಯ ಒಪ್ಪತಕ್ಕದ್ದೇ. 2007ರ ನಂತರ ಅಮ್ಮನಿಗೆ ಅದರ ಅಗತ್ಯವೇ ಇರಲಿಲ್ಲ, ಮತ್ತು ಅಗತ್ಯವಿದೆಯೇ ಎಂದು ಯಾರೂ, ನಾನೂ ಸೇರಿ, ಒಮ್ಮೆಯೂ ಕೇಳಿರಲಿಲ್ಲ. ನನ್ನ ತಕರಾರು ಇಷ್ಟೇ, ಮತ್ತು ನನಗೆ ಇದು ಸಣ್ಣದಾಗಿ ಕಾಣುವುದಿಲ್ಲ.

ಬಿಟ್ಟ ಮೂರನೆಯ ರಾತ್ರಿ

2020ರ ಜನವರಿಯಲ್ಲಿ, ಯಾರನ್ನೂ ಕೇಳದೆ, ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿಬಿಟ್ಟೆವು. ನಿಲ್ಲಿಸಿದ್ದು ನನ್ನ ಮಾತಿನ ಮೇಲೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗಿ ನೋಡಿದರೆ ಅಮ್ಮ ಮಂಚದ ಮೇಲೆ ಎದ್ದು ಕುಳಿತಿದ್ದರು. ಎಡಗೈಯನ್ನು ಎದೆಯ ಮೇಲೆ ಒತ್ತಿಕೊಂಡು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಂಟಲಿನವರೆಗೆ ಉರಿ, ಹುಳಿತೇಗು, ಬಾಯಲ್ಲಿ ನೀರು. ಹೃದಯದ್ದೇನೋ ಎಂಬ ಭಯದಿಂದ ಆ ಹೊತ್ತಿನಲ್ಲೇ ಆಸ್ಪತ್ರೆಗೆ ಓಡಿ ಇಸಿಜಿ ಮಾಡಿಸಿದೆವು. ಹೃದಯ ಸರಿಯಾಗಿತ್ತು. ಬೆಳಗಿನ ಜಾವ ಮನೆಗೆ ಬಂದ ಮೇಲೆ ಅಮ್ಮ ನನ್ನನ್ನು ಬೈಯಲಿಲ್ಲ. "ನೋಡು, ಆ ಮಾತ್ರೆ ನನಗೆ ಬೇಕೇ ಬೇಕು. ಹದಿಮೂರು ವರ್ಷ ಈ ಉರಿಯನ್ನು ಅದೇ ತಡೆದು ಹಿಡಿದಿತ್ತು" ಎಂದಷ್ಟೇ ಹೇಳಿ, ಡಬ್ಬದಿಂದ ಒಂದನ್ನು ತೆಗೆದು ನುಂಗಿದರು. ನನಗೆ ಎದುರು ಹೇಳಲು ಏನೂ ಉಳಿದಿರಲಿಲ್ಲ. ಕಣ್ಣೆದುರಿಗೇ ಸಾಕ್ಷಿಯಿತ್ತು.

ಆ ಸಾಕ್ಷಿಯೇ ತಪ್ಪು ದಾರಿ ತೋರಿಸುತ್ತದೆಂಬುದನ್ನು ತಿಳಿಸಿದವರು ಊರಿನ ಹಿರಿಯ ವೈದ್ಯರೊಬ್ಬರು. ಆಮ್ಲವನ್ನು ದಿನವೂ ಅದುಮಿಟ್ಟರೆ ದೇಹ ಸುಮ್ಮನೆ ಕೂರುವುದಿಲ್ಲ. ಆಮ್ಲ ಸಾಲದೆಂದು ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಆಮ್ಲ ತಯಾರಿಸಲು ಆಜ್ಞೆ ಕೊಡುವ ಜೀವಕೋಶಗಳು ಬೆಳೆಯುತ್ತವೆ. ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದಾಗ, ಕಟ್ಟೆ ಒಡೆದ ಕೆರೆಯ ಹಾಗೆ, ಮೊದಲಿಗಿಂತ ಹೆಚ್ಚು ಆಮ್ಲ ನುಗ್ಗುತ್ತದೆ. ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ವಾರ ಎಸೊಮೆಪ್ರಜೋಲ್ ತೆಗೆದುಕೊಂಡು ಬಿಟ್ಟವರಲ್ಲಿ ಶೇ 44 ಮಂದಿಗೆ ಉರಿ, ಹುಳಿತೇಗು, ಅಜೀರ್ಣ ಇಂಥವು ಕಾಣಿಸಿಕೊಂಡವು. ಹುಸಿಮಾತ್ರೆ ತಿಂದವರಲ್ಲಿ ಅದು ಶೇ 15 ಮಾತ್ರ. ಕಾಯಿಲೆಯೇ ಇಲ್ಲದವರಿಗೆ ಎಂಟು ವಾರಕ್ಕೆ ಹೀಗಾದರೆ, 13 ವರ್ಷ ತಿಂದವರ ಮೂರನೆಯ ರಾತ್ರಿ ಹೇಗಿದ್ದೀತು? ಬಿಟ್ಟಾಗ ಬರುವ ಉರಿಯನ್ನು ಹಳೆಯ ಕಾಯಿಲೆ ಎಂದು ತಿಳಿದು ಮತ್ತೆ ಮಾತ್ರೆಗೆ ಮರಳಿದವರು ನಮ್ಮ ಬೀದಿಯಲ್ಲೇ ಎಷ್ಟು ಜನವೋ.

ಆ ವೈದ್ಯರು ಅಮ್ಮನಿಗೆ ಹಾಕಿಕೊಟ್ಟ ದಾರಿ ನಿಧಾನದ್ದು. ಮೊದಲು ಒಂದು ತಿಂಗಳು 20 ಮಿಲಿಗ್ರಾಂ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು. ನಡುವೆ ಉರಿ ಬಂದರೆ ಕುಡಿಯಲು ಆಂಟಾಸಿಡ್. ರಾತ್ರಿ ಧಾರಾವಾಹಿಗಳೆಲ್ಲ ಮುಗಿದ ಮೇಲೆ ಒಂಬತ್ತೂವರೆಗೆ ಮಾಡುತ್ತಿದ್ದ ಊಟ ಏಳೂವರೆಗೆ ಬಂದಿತು, ಅಮ್ಮನಿಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ತೆಂಗಿನ ಮರದ ಎರಡು ತುಂಡುಗಳನ್ನು ಇಟ್ಟು ಒಂದು ಗೇಣಿನಷ್ಟು ಎತ್ತರಿಸಿದೆವು. ಅಷ್ಟರಲ್ಲಿ ಲಾಕ್‌ಡೌನ್ ಬಂದು ನಾನೂ ಊರಲ್ಲೇ ಉಳಿದೆ, ಅದೊಂದು ಅನುಕೂಲವಾಯಿತು. ಆ ವರ್ಷದ ಜೂನ್ ಹೊತ್ತಿಗೆ ಮಾತ್ರೆ ಪೂರ್ತಿ ನಿಂತಿತು.

ಮೂಳೆಗೆ ಬೇರೆ ಚಿಕಿತ್ಸೆಯೂ ನಡೆಯಿತು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅನ್ನನಾಳಕ್ಕೆ ಕಿರಿಕಿರಿ ಮಾಡುವುದರಿಂದ, ಎದೆಯುರಿಯ ಇತಿಹಾಸವಿರುವ ಅಮ್ಮನಿಗೆ ಬೇಡವೆಂದು ಮೂಳೆ ವೈದ್ಯರು ವರ್ಷಕ್ಕೊಂದು ಬಾರಿ ರಕ್ತನಾಳಕ್ಕೆ ಕೊಡುವ ಜೊಲೆಡ್ರೋನಿಕ್ ಆಮ್ಲದ ಚುಚ್ಚುಮದ್ದನ್ನು ಆರಿಸಿದರು. ವಿಟಮಿನ್ ಡಿ ಸರಿಪಡಿಸಿದರು. ಕ್ಯಾಲ್ಸಿಯಂ ಮುದ್ದೆಯ ಪಕ್ಕಕ್ಕೆ ಬಂದಿತು.

ಮಾವನ ಫೋನು

ಅಮ್ಮನ ಕಥೆ ನೆಂಟರಲ್ಲೆಲ್ಲ ಹಬ್ಬಿತು, ಹಬ್ಬುವಾಗ ಅದರ ಅಂಚುಗಳು ಉದುರಿಹೋದವು. ಒಂದು ಸಂಜೆ ಸೋದರಮಾವ ಹಾಸನದಿಂದ ಫೋನ್ ಮಾಡಿ, ಗ್ಯಾಸ್ಟ್ರಿಕ್ ಮಾತ್ರೆ ಮೂಳೆ ತಿನ್ನುತ್ತದಂತೆ, ನಾನೂ ಎಸೆದುಬಿಟ್ಟೆ ಎಂದು ಸಂತೋಷದಿಂದ ಹೇಳಿದರು. ನನ್ನ ಕೈ ತಣ್ಣಗಾಯಿತು. ಅವರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿ ಒಂದು ವರ್ಷವೂ ಆಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ತೆಗೆದುಕೊಳ್ಳುತ್ತಿದ್ದರು, ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿತ್ತು. ಅವರಿಗೆ ಆ ಮಾತ್ರೆ ರಕ್ತಸ್ರಾವದ ಎದುರು ನಿಂತ ಗೋಡೆ. ಹುಣ್ಣಿನಿಂದ ರಕ್ತ ಹೋದವರು, ರಕ್ತ ತೆಳುವಾಗಿಸುವ ಔಷಧಗಳಲ್ಲಿರುವವರು, ಅನ್ನನಾಳ ತೀವ್ರವಾಗಿ ಕೆಟ್ಟವರು, ಬ್ಯಾರೆಟ್ಸ್ ಎಂಬ ಬದಲಾವಣೆ ಅಲ್ಲಿ ಕಂಡವರು, ಇವರಿಗೆ ವರ್ಷಗಟ್ಟಲೆ ಈ ಮಾತ್ರೆ ಬೇಕಾಗುತ್ತದೆ, ಮೂಳೆಯ ಭಯಕ್ಕೆ ಅದನ್ನು ಬಿಡಬಾರದು. ಅಂದೇ ರಾತ್ರಿ ಅವರ ಮಗನನ್ನು ಅಂಗಡಿಗೆ ಓಡಿಸಿ, ಮರುದಿನ ಅವರ ಹೃದಯ ವೈದ್ಯರಿಂದಲೇ ಮಾತಾಡಿಸುವವರೆಗೆ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಈ ವಿಷಯ ಯಾರು ಕೇಳಿದರೂ, ಮೊದಲು ನಿಮಗೆ ಅದನ್ನು ಯಾತಕ್ಕೆ ಬರೆದರು ಎಂದು ಕೇಳುತ್ತೇನೆ. ಬಹಳ ಮಂದಿಗೆ ಉತ್ತರ ಗೊತ್ತಿರುವುದಿಲ್ಲ. ಆ ಉತ್ತರವನ್ನು ಬರೆದುಕೊಟ್ಟ ವೈದ್ಯರ ಬಳಿಯೇ ಹೋಗಿ ಕೇಳಿ ತಿಳಿಯಿರಿ ಎನ್ನುತ್ತೇನೆ, ಅದಕ್ಕಿಂತ ಮುಂದಕ್ಕೆ ಹೋಗುವುದಿಲ್ಲ.

2022ರಲ್ಲಿ ಅಮ್ಮನ ಎರಡನೆಯ ಡೆಕ್ಸಾ ಸ್ಕ್ಯಾನ್ ಆಯಿತು. ಮೈನಸ್ 2.7 ಇದ್ದದ್ದು ಮೈನಸ್ 2.4ಕ್ಕೆ ಬಂದಿತ್ತು. ಚುಚ್ಚುಮದ್ದು, ವಿಟಮಿನ್ ಡಿ, ಊಟದ ಜೊತೆಯ ಕ್ಯಾಲ್ಸಿಯಂ, ನಿಂತ ಪ್ಯಾಂಟೊಪ್ರಜೋಲ್, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾದದ್ದರಿಂದ ಇದರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು, ಬಹುಪಾಲು ಚುಚ್ಚುಮದ್ದಿನದೇ ಇರಬೇಕು. ಎದೆಯುರಿ ಈಗಲೂ ಅಪರೂಪಕ್ಕೆ ಬರುತ್ತದೆ, ಹೆಚ್ಚಾಗಿ ಮದುವೆ ಮನೆಯಲ್ಲಿ ತಡವಾಗಿ ಉಂಡ ರಾತ್ರಿ. ಬಟ್ಟೆ ಹಿಂಡುವಾಗ ಮಣಿಕಟ್ಟು ನೋಯುತ್ತದೆ, ಹಿಂಡಬೇಡಿ ಎಂದರೆ ಕೇಳುವುದಿಲ್ಲ. ಮಂಚದ ಕೆಳಗಿನ ತೆಂಗಿನ ತುಂಡುಗಳನ್ನು ಇನ್ನು ತೆಗೆದುಬಿಡೋಣವೇ ಎಂದು ಕಳೆದ ಬಾರಿ ಊರಿಗೆ ಹೋದಾಗ ಕೇಳಿದೆ. ಸಪಾಟಾದ ಮಂಚದಲ್ಲಿ ಈಗ ನಿದ್ದೆ ಹತ್ತುವುದಿಲ್ಲ, ಇರಲಿ ಬಿಡು ಎಂದರು.